“ವಯಸ್ಸಾಯ್ತು” ಅಂತ ಬಿಡುವ ಮುನ್ನ: ಕುದುರೆಗೆ ಕುಶಿಂಗ್ಸ್ ಇದೆಯೇ ಎಂದು ಪತ್ತೆ ಹಚ್ಚುವುದು ಹೇಗೆ

ಏಪ್ರಿಲ್ ಮೊದಲ ವಾರ. ಯಲಹಂಕದಾಚೆಯ ನಮ್ಮ ಲಾಯದಲ್ಲಿ ತಗಡಿನ ಸೂರು ಕಾದು, ಹತ್ತು ಗಂಟೆಗೇ ಕುದುರೆಗಳು ನೆರಳಿಗೆ ಸರಿಯುತ್ತಿದ್ದವು. ಉಳಿದವುಗಳ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. 19 ವರ್ಷದ ಗೌರಿಗೆ ಮಾತ್ರ ಗದ್ದದ ಕೆಳಗೆ, ಹೊಟ್ಟೆಯ ಅಡಿಯಲ್ಲಿ, ಕಾಲುಗಳ ಹಿಂದೆ ಬೆರಳುದ್ದದ ಕೂದಲು. “ವಯಸ್ಸಾಯ್ತಲ್ಲ ಅಕ್ಕ, ಇನ್ನೇನು” ಅಂದ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್. ಬಂದು ನೋಡಿದವರೆಲ್ಲ ಅದನ್ನೇ ಅಂದರು. ನಾನೂ ನಂಬಿದೆ. ಆ ನಂಬಿಕೆಯಲ್ಲೇ ಎರಡು ತಿಂಗಳು ಕಳೆದವು. ಜೂನ್‌ನಲ್ಲಿ ಒಂದು ಬೆಳಿಗ್ಗೆ ಅವಳು ಲಾಯದಿಂದ ಹೊರಗೆ ಕಾಲಿಡಲು ಒಪ್ಪಲಿಲ್ಲ.

ಆ ಎರಡು ತಿಂಗಳು ನಿಮ್ಮ ಕುದುರೆಗೂ ಕಳೆದುಹೋಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಮುಪ್ಪು ಕಾಯಿಲೆಯಲ್ಲ. ಆದರೆ ಮುಪ್ಪಿನ ಹೆಸರಿನಲ್ಲಿ ಕಾಯಿಲೆಗಳು ಅಡಗಿ ಕೂರುತ್ತವೆ, ಅವುಗಳಲ್ಲಿ ಮುಖ್ಯವಾದದ್ದು ಕುಶಿಂಗ್ಸ್ ಎಂಬ ಹಾರ್ಮೋನಿನ ಕಾಯಿಲೆ. 15 ವರ್ಷ ದಾಟಿದ ಕುದುರೆಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಇದು ಬರುತ್ತದೆ ಎನ್ನುವುದು ಹೊರದೇಶಗಳ ಅಧ್ಯಯನಗಳ ಲೆಕ್ಕ.

ಒಳಗೆ ಆಗುವುದು ಇಷ್ಟು. ಮಿದುಳಿನ ಹೈಪೋಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ ಇಳಿಯುವ ಕೆಲವು ನರಕೋಶಗಳು ಡೋಪಮೈನ್ ಸುರಿಸಿ ಆ ಗ್ರಂಥಿಯ ನಡುಭಾಗಕ್ಕೆ ಲಗಾಮು ಹಾಕಿರುತ್ತವೆ. ವಯಸ್ಸಾದಂತೆ ಈ ನರಕೋಶಗಳು ಸವೆದರೆ ಲಗಾಮು ಸಡಿಲವಾಗುತ್ತದೆ. ಗ್ರಂಥಿಯ ನಡುಭಾಗ ಊದಿ ಎಸಿಟಿಎಚ್ ಮೊದಲಾದ ಹಾರ್ಮೋನುಗಳನ್ನು ಮಿತಿಮೀರಿ ರಕ್ತಕ್ಕೆ ಬಿಡುತ್ತದೆ. ಕೂದಲು, ನೀರು, ಸ್ನಾಯು, ಗೊರಸು, ರೋಗನಿರೋಧಕ ಶಕ್ತಿ ಎಲ್ಲವೂ ಅದರಿಂದ ಹದಗೆಡುತ್ತವೆ. ಮನುಷ್ಯರ ಕಾಯಿಲೆಯನ್ನು ವಿವರಿಸಿದ ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಹೆಸರೇ ಕುದುರೆಯ ಕಾಯಿಲೆಗೂ ಅಂಟಿಕೊಂಡಿದೆ. ಆದರೆ ಗ್ರಂಥಿಯಲ್ಲಿ ಕೆಡುವ ಭಾಗ ಬೇರೆ. ಪಶುವೈದ್ಯರ ಚೀಟಿಯಲ್ಲಿ ನಿಮಗೆ ಕಾಣುವ ಹೆಸರು ಬಹುಶಃ ಪಿಪಿಐಡಿ, ಗ್ರಂಥಿಯ ಆ ನಡುಭಾಗ ಕೆಟ್ಟಿದೆ ಎನ್ನುವುದರ ಇಂಗ್ಲಿಷ್ ಚಿಕ್ಕರೂಪ. ನಾಯಿಗಳ ಕುಶಿಂಗ್ಸ್‌ಗೆ ಕೊಡುವ ಮಾತ್ರೆ ಯಾರದೋ ಮನೆಯಲ್ಲಿ ಮಿಕ್ಕಿದೆ ಎಂದು ಕುದುರೆಗೆ ಹಾಕಬೇಡಿ.

ಮುಂದೆ ಓದದೆ ಫೋನ್ ಎತ್ತಬೇಕಾದ ಸಂದರ್ಭಗಳು

ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿದ್ದರೆ. ನಿಂತಲ್ಲೇ ಕಾಲು ಬದಲಿಸುತ್ತಾ ತಿರುಗಲು ಒಪ್ಪದಿದ್ದರೆ. ಮಲಗಿದ್ದು ಏಳಲಾರದೆ ಇದ್ದರೆ. ಒಂದು ಕಣ್ಣು ಅರ್ಧ ಮುಚ್ಚಿ ನೀರು ಸುರಿಯುತ್ತಿದ್ದರೆ. ಒಂದು ದಿನ ಪೂರ್ತಿ ಮೇವು ಮುಟ್ಟದಿದ್ದರೆ. ಗುದದಲ್ಲಿ ಅಳೆದ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ. ಇವುಗಳಲ್ಲಿ ಒಂದಿದ್ದರೂ ಅಂದೇ ವೈದ್ಯರು ಬರಬೇಕು. ಕಾಯಿಲೆಗೆ ಹೆಸರು ಆಮೇಲೆ ಹುಡುಕಬಹುದು.

ಉಳಿದ ತಪಾಸಣೆಗೆ ಬೇಕಾದ್ದು ಟೈಲರ್ ಟೇಪು, ಥರ್ಮಾಮೀಟರು, 20 ಲೀಟರಿನ ನೀರಿನ ಕ್ಯಾನು ಮತ್ತು ಒಂದು ನೋಟ್‌ಬುಕ್. ನೋಟ್‌ಬುಕ್ಕನ್ನು ಲಾಯದ ಗೋಡೆಗೇ ನೇತುಹಾಕಿ. ಕುದುರೆಯನ್ನು ದಿನವಿಡೀ ನೋಡುವವರು ಸೈಸ್, ಹಾಗಾಗಿ ಬರೆಯುವ ಕೆಲಸ ಅವರ ಕೈಗೆ ಸಿಗುವಂತಿರಲಿ. ಬರೆಯಲು ಬಾರದವರಾದರೆ ಕ್ಯಾನಿಗೊಂದು ಗೆರೆ ಎಳೆದರೂ ಸಾಕು.

ಲಕ್ಷಣ: ಬೇಸಿಗೆ ಬಂದರೂ ಕೂದಲು ಉದುರುತ್ತಿಲ್ಲ

ಹಳೆಯ ಕುದುರೆಯ ಮೈಮೇಲೆ ಉದ್ದನೆಯ, ಕೆಲವೊಮ್ಮೆ ಗುಂಗುರಾದ ಕೂದಲು ನಿಂತುಬಿಟ್ಟಿದ್ದರೆ ಕುಶಿಂಗ್ಸ್‌ಗೆ ಅದಕ್ಕಿಂತ ಬಲವಾದ ಹೊರಗುರುತು ಇನ್ನೊಂದಿಲ್ಲ. ಬೆಂಗಳೂರಿನಲ್ಲಿ ಈ ಗುರುತು ಇನ್ನೂ ಎದ್ದು ಕಾಣುತ್ತದೆ. ಇಲ್ಲಿ ಡಿಸೆಂಬರ್‌ನ ರಾತ್ರಿಯೂ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ನಮ್ಮ ಕುದುರೆಗಳಿಗೆ ದಪ್ಪ ಚಳಿಗಾಲದ ಕೂದಲು ಬೇಕಿಲ್ಲ. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ, ಬೆಳೆದ ಅಷ್ಟಿಷ್ಟೂ ಬ್ರಷ್ಷಿಗೆ ಬಂದುಬಿಡಬೇಕು.

ಆದರೆ ಕಾಯಿಲೆಯ ಆರಂಭದಲ್ಲಿ ಕೂದಲು ಮೈಪೂರ್ತಿ ಬೆಳೆಯುವುದಿಲ್ಲ, ಬಹಳ ಜನ ತಪ್ಪುವುದೇ ಇಲ್ಲಿ. ಗದ್ದದ ಕೆಳಗೆ, ಕುತ್ತಿಗೆಯ ಅಡಿಯಲ್ಲಿ, ಮೊಣಕೈ ಹಿಂದೆ, ಹೊಟ್ಟೆಯ ಕೆಳಗೆ, ಕಾಲುಗಳ ಹಿಂಬದಿಯಲ್ಲಿ ಒಂದಿಷ್ಟು ಉಳಿದುಕೊಳ್ಳುತ್ತದೆ. ಪಕ್ಕದ ಕುದುರೆಗಿಂತ ಎರಡು ಮೂರು ವಾರ ತಡವಾಗಿ ಉದುರುತ್ತದೆ. ಹಿಂದಿನ ವರ್ಷಗಳ ಫೋಟೋಗಳನ್ನು ತೆಗೆದು ನೋಡಿ. ನಾನು ಮೊಬೈಲಿನಲ್ಲಿ ಹುಡುಕಿದಾಗ, ಎರಡು ವರ್ಷ ಹಿಂದಿನ ಮಾರ್ಚ್‌ನಲ್ಲೇ ಗೌರಿಯ ಗದ್ದದ ಕೆಳಗೆ ಆ ಎಳೆಗಳಿದ್ದವು. ಕುತ್ತಿಗೆ ತಬ್ಬಿಕೊಂಡು ತೆಗೆಸಿಕೊಂಡ ಫೋಟೋ ಅದು.

ಕುಶಿಂಗ್ಸ್ ಎಂದು ತೀರ್ಮಾನಿಸುವ ಮೊದಲು, ಖರ್ಚಿಲ್ಲದ ಎರಡು ಕೆಲಸ. ಕೂದಲನ್ನು ಬಿಡಿಸಿ ಚರ್ಮ ನೋಡಿ. ಹುರುಪೆ, ತುರಿ, ಹೇನು, ಉಣ್ಣಿ ಇದ್ದರೆ ಅದನ್ನು ಮೊದಲು ಸರಿಪಡಿಸಿ. ಹೊಟ್ಟೆಗೆ ಸಾಲದೆ ಬಡಕಲಾದ ಕುದುರೆಯ ಕೂದಲೂ ಒರಟಾಗಿ ನಿಲ್ಲುತ್ತದೆ, ಆದರೆ ಅದು ಇಷ್ಟು ಉದ್ದ ಬೆಳೆಯುವುದಿಲ್ಲ. ಮೈಪೂರ್ತಿ ಉದ್ದ ಕೂದಲಿದ್ದು ವಯಸ್ಸು 15 ದಾಟಿದ್ದರೆ ರಕ್ತ ಪರೀಕ್ಷೆಗೂ ಮೊದಲೇ ಅನುಭವಿ ವೈದ್ಯರು ಬಹುಪಾಲು ಖಚಿತವಾಗಿರುತ್ತಾರೆ.

ಅಷ್ಟರೊಳಗೆ ಕೂದಲು ಕತ್ತರಿಸಿಬಿಡಿ. ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತ ಹಾಗಿರುತ್ತದೆ ಅವುಗಳ ಪಾಡು. ಮಳೆಗಾಲದಲ್ಲಿ ಆ ಕೂದಲು ಒಣಗದೆ ಚರ್ಮ ಕೊಳೆಯುತ್ತದೆ. ಕ್ಲಿಪ್ಪರ್ ಹಾಕುವ ಮುಂಚೆ ಫೋಟೋ ತೆಗೆದಿಡಿ, ವೈದ್ಯರಿಗೆ ತೋರಿಸಬೇಕಾಗುತ್ತದೆ. ಬ್ಲೇಡು ಕಾದಿದೆಯೇ ಎಂದು ನಿಮ್ಮ ಮುಂಗೈ ಮೇಲೆ ಇಟ್ಟು ನೋಡುತ್ತಿರಿ.

ಲಕ್ಷಣ: ನೀರು ಎಷ್ಟಿಟ್ಟರೂ ಸಾಲದು, ಲಾಯ ಸದಾ ಒದ್ದೆ

“ಗೌರಿ ಜಾಗದಲ್ಲಿ ದಿನಾ ಎರಡು ಸಲ ಹುಲ್ಲು ಬದಲಾಯಿಸ್ತಿದೀನಿ ಅಕ್ಕ” ಎಂದು ಸೈಸ್ ಹೇಳಿದ್ದು ದೂರಿನ ಮಾತಾಗಿತ್ತು. ಅದು ಸುಳಿವೆಂದು ನನಗೆ ಹೊಳೆಯಲೇ ಇಲ್ಲ.

ಇದನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ತಾನಾಗಿ ತುಂಬುವ ತೊಟ್ಟಿಯಿದ್ದರೆ ಮೂರು ದಿನ ಅದರ ನಲ್ಲಿ ಮುಚ್ಚಿ, ಪಕ್ಕದ ಕುದುರೆ ಬಾಯಿ ಹಾಕದ ಹಾಗೆ ಬಕೆಟ್ ಇಡಿ. ಬಕೆಟ್ಟಿಗೆ ಕ್ಯಾನಿನಿಂದಲೇ ಸುರಿಯಿರಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಹಿತವಾದ ಹವೆಯಲ್ಲಿ, ದುಡಿಮೆ ಇಲ್ಲದ ಕುದುರೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 50 ಮಿ.ಲೀ. ಕುಡಿಯುತ್ತದೆ. ಅಂದರೆ 400 ಕೆ.ಜಿ. ಕುದುರೆಗೆ 20 ಲೀಟರ್, ಸರಿಯಾಗಿ ಒಂದು ಕ್ಯಾನು. ಒಣಹುಲ್ಲು ಮಾತ್ರ ತಿನ್ನುತ್ತಿದ್ದರೆ, ಬಿಸಿಲಿದ್ದರೆ, ಸವಾರಿಯಲ್ಲಿ ಬೆವರಿದ್ದರೆ, ಮರಿಗೆ ಹಾಲೂಡಿಸುತ್ತಿದ್ದರೆ ಇನ್ನೂ ಬೇಕು. ಯಾವ ಕಾರಣವೂ ಇಲ್ಲದೆ ಕೆ.ಜಿ.ಗೆ 100 ಮಿ.ಲೀ. ದಾಟಿದರೆ, ಅಂದರೆ ದಿನಕ್ಕೆ ಎರಡು ಕ್ಯಾನಿಗಿಂತ ಹೆಚ್ಚಾದರೆ, ಅದು ರೋಗದ ಗುರುತು. ಸುಮಾರು 380 ಕೆ.ಜಿ. ತೂಗುವ ಗೌರಿ ಮೂರು ದಿನದ ಸರಾಸರಿಯಲ್ಲಿ 43 ಲೀಟರ್ ಕುಡಿದಿದ್ದಳು.

ಎರಡು ಕ್ಯಾನು ದಾಟಿತೆಂದ ಮಾತ್ರಕ್ಕೆ ಕುಶಿಂಗ್ಸ್ ಅಂತಲ್ಲ. ಉಪ್ಪಿನ ಇಟ್ಟಿಗೆಯನ್ನು ದಿನವಿಡೀ ನೆಕ್ಕುತ್ತಿದೆಯೇ ನೋಡಿ. ಬೇಸರಕ್ಕೆ ನೀರಿನಲ್ಲಿ ಆಡುವ, ಕುಡಿಯುವ ಕುದುರೆಗಳೂ ಇವೆ. ಮೂತ್ರಪಿಂಡದ ತೊಂದರೆಯಲ್ಲೂ ಹೀಗೇ ಆಗುತ್ತದೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನೋಡಿಸಿದರೆ ಆ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ. ಏನೇ ಅನುಮಾನವಿರಲಿ, ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಲಾಯ ಒದ್ದೆಯಾಗುತ್ತದೆ ಎಂದು ರಾತ್ರಿ ಬಕೆಟ್ ಎತ್ತಿಡುವವರನ್ನು ನೋಡಿದ್ದೇನೆ. ದೇಹ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಕಳೆದುಕೊಳ್ಳುತ್ತಿರುವ ಪ್ರಾಣಿಯ ಬಾಯಿಂದ ನೀರು ಕಿತ್ತುಕೊಂಡರೆ ಶೂಲೆ ಗ್ಯಾರಂಟಿ ಅಂದುಕೊಳ್ಳಿ.

ಲಕ್ಷಣ: ಬೆನ್ನು ಇಳಿದಿದೆ, ಹೊಟ್ಟೆ ಜೋತಿದೆ

ಸೊಂಟದ ಎಲುಬು, ಬೆನ್ನಿನ ಸಾಲು ಎದ್ದು ಕಾಣುತ್ತವೆ, ಹೊಟ್ಟೆ ಮಾತ್ರ ಬಸುರಿಯ ಹಾಗೆ. ಮಾಲೀಕರಿಗೆ ಮೊದಲು ಹೊಳೆಯುವ ಮದ್ದು ದಾಣಿ, ಅಂದರೆ ಕಾಳಿನ ಮೇವು, ಹೆಚ್ಚಿಸುವುದು. ಇಲ್ಲಿ ಸ್ವಲ್ಪ ತಡೆಯಿರಿ. ಕುಶಿಂಗ್ಸ್‌ನಲ್ಲಿ ಕರಗುವುದು ಸ್ನಾಯು. ಹೊಟ್ಟೆಯ ಸ್ನಾಯುಗಳೂ ಸಡಿಲವಾಗಿ ಅದು ಜೋಲುತ್ತದೆ. ದಾಣಿ ಸುರಿದು ಅದನ್ನು ತುಂಬಲಾಗದು, ಮೇಲಾಗಿ ಆ ದಾಣಿಯೇ ಗೊರಸಿಗೆ ಕುತ್ತಾಗಬಹುದು.

ಮೊದಲು ಬಾಯಿ. ಮೇವಿನ ತೊಟ್ಟಿಯ ಸುತ್ತ ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಿದ್ದಿವೆಯೇ? ಲದ್ದಿಯಲ್ಲಿ ಇಡೀ ಕಾಳು, ಉದ್ದುದ್ದ ಎಳೆಗಳು ಕಾಣುತ್ತವೆಯೇ? ಹಾಗಿದ್ದರೆ ತೊಂದರೆ ಹಲ್ಲಿನದು. ವೈದ್ಯರು ಬಾಯಿ ತೆರೆಸಿ ಚೂಪು ಅಂಚುಗಳನ್ನು ಉಜ್ಜಿದರೆ ತಿಂಗಳಲ್ಲೇ ವ್ಯತ್ಯಾಸ ಕಾಣುತ್ತದೆ.

ಆಮೇಲೆ ಹುಳು. ಹಿಡಿಯಷ್ಟು ಹಸಿ ಲದ್ದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದಂತೆ ಕಟ್ಟಿ, ತಣ್ಣಗಿಟ್ಟು ಹುಳುವಿನ ಮೊಟ್ಟೆ ಎಣಿಸಲು ಕೊಡಿ. ಅಗ್ಗದ ಪರೀಕ್ಷೆ. ಕುಶಿಂಗ್ಸ್ ಇರುವ ಕುದುರೆಗಳಲ್ಲಿ ಈ ಎಣಿಕೆ ಹೆಚ್ಚಿರುವುದುಂಟು. ಜೊತೆಯ ಕುದುರೆಗಳಿಗೆಲ್ಲ ಒಂದೇ ದಿನ ಜಂತುಮದ್ದು ಹಾಕಿದ್ದರೂ ಇದೊಂದರಲ್ಲಿ ಮಾತ್ರ ಮತ್ತೆ ಮತ್ತೆ ಮೊಟ್ಟೆ ಕಂಡರೆ ಅದೂ ಒಂದು ಸುಳಿವು.

ಮೂರನೆಯದು, ಹೊರದೇಶದ ಪುಸ್ತಕಗಳು ಹೆಚ್ಚು ಹೇಳದ, ನಾವು ಮರೆಯಬಾರದ ಕಾಯಿಲೆ: ಸರ್ರಾ. ಕುದುರೆನೊಣಗಳು ಹರಡುವ ರಕ್ತದ ಪರಾವಲಂಬಿ ಇದಕ್ಕೆ ಕಾರಣ. ಬಂದು ಹೋಗಿ ಮಾಡುವ ಜ್ವರ, ಕಾಲು ಮತ್ತು ಹೊಟ್ಟೆಯ ಕೆಳಗೆ ಊತ, ಬಿಳಿಚಿದ ಒಸಡು, ತಿಂದರೂ ಮೈ ಹತ್ತದಿರುವುದು ಇದರ ಲಕ್ಷಣ. ಬೆಳಿಗ್ಗೆ ಸಂಜೆ ಒಂದು ವಾರ ಜ್ವರ ಬರೆದಿಡಿ. ಏರಿಳಿತ ಕಂಡರೆ ರಕ್ತದ ಲೇಪನ ಪರೀಕ್ಷೆ ಮಾಡಿಸಿ, ಏರಿದ ಹೊತ್ತಿನಲ್ಲೇ ರಕ್ತ ತೆಗೆದರೆ ಸಿಗುವ ಸಾಧ್ಯತೆ ಹೆಚ್ಚು. ಬರೇ ಕುಶಿಂಗ್ಸ್‌ನಲ್ಲಿ ಜ್ವರ ಬರುವುದಿಲ್ಲ.

ತೂಕವನ್ನು ಟೇಪಿನಲ್ಲೇ ಹಿಡಿಯಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡೂ ಸೆಂ.ಮೀ.ನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 170, ಉದ್ದ 155 ಇದ್ದರೆ ಸುಮಾರು 377 ಕೆ.ಜಿ. ಸ್ವಲ್ಪ ಹೆಚ್ಚುಕಡಿಮೆಯಾದರೂ, ಪ್ರತಿ ತಿಂಗಳು ಒಬ್ಬರೇ ಅಳೆದರೆ ಏರಿಳಿತ ಗೊತ್ತಾಗುತ್ತದೆ.

ಲಕ್ಷಣ: ನಡೆಯಲು ಹಿಂಜರಿಕೆ, ಕಾದ ಗೊರಸು

ಈ ಕಾಯಿಲೆಯಲ್ಲಿ ಕುದುರೆಯನ್ನು ನಿಜಕ್ಕೂ ಬಲಿ ತೆಗೆದುಕೊಳ್ಳುವುದು ಇದು. ಗೊರಸಿನ ಹೊರಗವಚವನ್ನು ಒಳಗಿನ ಎಲುಬಿಗೆ ಹಿಡಿದಿಟ್ಟಿರುವ ಪದರಗಳು ಜಗ್ಗಿ, ಊದಿ, ಬಿಡತೊಡಗುತ್ತವೆ. ಇದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಇಡೀ ಮೈಭಾರ ಆ ಪದರಗಳ ಮೇಲೆಯೇ ನಿಂತಿರುತ್ತದೆ. ಉಗುರು ಕೀಳುತ್ತಿರುವ ಬೆರಳಿನ ಮೇಲೆ ನಿಂತ ಹಾಗೆ.

ಕೈ ಹಾಕಿ ನೋಡುವುದು ಹೀಗೆ. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ, ಹೆಬ್ಬೆರಳು ಮತ್ತು ತೋರುಬೆರಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಆರೋಗ್ಯದ ಕುದುರೆಯಲ್ಲಿ ನಾಡಿ ಸಿಗುವುದೇ ಕಷ್ಟ, ಸಿಕ್ಕರೂ ಎಳೆಯಷ್ಟು. ಲ್ಯಾಮಿನೈಟಿಸ್‌ನಲ್ಲಿ ಅದು ಬೆರಳಿಗೆ ಬಡಿಯುತ್ತದೆ. ಗೌರಿಯ ಕಾಲನ್ನು ಆ ಬೆಳಿಗ್ಗೆ ಹಿಡಿದಾಗ ಬೆರಳಿನ ಕೆಳಗೆ ಯಾರೋ ಬಾಗಿಲು ತಟ್ಟಿದ ಹಾಗಿತ್ತು. ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ಮುಟ್ಟಿ ಅಭ್ಯಾಸ ಮಾಡಿಕೊಳ್ಳಿ, ವ್ಯತ್ಯಾಸ ಗೊತ್ತಾಗುವುದು ಆಗಲೇ. ಗೊರಸಿನ ಬಿಸಿಯನ್ನು ಬಿಸಿಲಲ್ಲಿ ನಿಂತಿದ್ದಾಗ ನೋಡಬೇಡಿ, ಬೆಳಗಿನ ಜಾವ ನೋಡಿ. ಒಂದೇ ಕಾಲು ಕಾದಿದ್ದು ಆ ಕಾಲನ್ನು ನೆಲಕ್ಕೂರಲು ಬಿಡದಿದ್ದರೆ ಗೊರಸಿನೊಳಗೆ ಕೀವು ಕಟ್ಟಿರಬಹುದು. ಎರಡೂ ಮುಂಗಾಲಾದರೆ ಲ್ಯಾಮಿನೈಟಿಸ್ ಎಂದೇ ತಿಳಿದು ನಡೆದುಕೊಳ್ಳಿ.

ಲಾಳ ಕಟ್ಟುವವರನ್ನು ಕೇಳಿ. ನಮಗಿಂತ ಮೊದಲು ಅವರಿಗೆ ಗೊತ್ತಾಗಿರುತ್ತದೆ. ಗೊರಸಿನ ಗೋಡೆಯ ಮೇಲಿನ ಬಳೆಗಳು ಮುಂದೆ ಒತ್ತೊತ್ತಾಗಿ, ಹಿಮ್ಮಡಿಯ ಕಡೆ ಅಗಲವಾಗಿದ್ದರೆ, ಕೆತ್ತುವಾಗ ಗೊರಸಿನ ತಳದ ಬಿಳಿಗೆರೆಯಲ್ಲಿ ರಕ್ತದ ಚುಕ್ಕೆ ಕಂಡಿದ್ದರೆ, ಹಿಂದೆಯೇ ಒಮ್ಮೆ ಸಣ್ಣಗೆ ಬಂದು ಹೋಗಿದೆ ಎಂದರ್ಥ.

ವೈದ್ಯರು ಬರುವವರೆಗೆ: ನಡೆಸಬೇಡಿ. ಓಡಾಡಿದರೆ ಸಡಿಲವಾಗುತ್ತದೆ ಎನ್ನುವ ಮಾತು ಇಲ್ಲಿ ಸಲ್ಲದು. ಮೊಣಕಾಲೆತ್ತರ ಹುಲ್ಲನ್ನೋ ಮರದ ಹೊಟ್ಟನ್ನೋ ಹಾಸಿ. ದಾಣಿ ಪೂರ್ತಿ ನಿಲ್ಲಿಸಿ, ಒಣಹುಲ್ಲು ಮತ್ತು ನೀರು ಕೈಗೆಟುಕುವಲ್ಲಿಡಿ. ಐಸ್ ಸಿಕ್ಕರೆ ಐಸ್ ನೀರಿನ ಬಕೆಟ್ಟಿನಲ್ಲಿ ಗೊರಸು ಮುಳುಗುವಂತೆ ನಿಲ್ಲಿಸಿ, ನಮ್ಮ ಪಕ್ಕದ ಕಬ್ಬಿನ ಹಾಲಿನ ಅಂಗಡಿಯವರು ಅಂದು ಅರ್ಧ ದಿಮ್ಮಿ ಐಸ್ ಕೊಟ್ಟು ಕಾಪಾಡಿದರು. ನೋವಿನ ಇಂಜೆಕ್ಷನ್ ನೀವೇ ಚುಚ್ಚಬೇಡಿ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಡೈಕ್ಲೋಫೆನಾಕ್ ಅನ್ನು ಪಶುಗಳಿಗೆ ಬಳಸುವುದು ನಮ್ಮ ದೇಶದಲ್ಲಿ 2006ರಿಂದ ನಿಷೇಧ. ಅದು ಸೇರಿದ ಮಾಂಸ ತಿಂದು ರಣಹದ್ದುಗಳ ಸಂತತಿಯೇ ಅಳಿಯುತ್ತಾ ಬಂತು. ಉಳಿದ ಕೆಲವು ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲೇ ಇವೆ. ಇನ್ನೊಂದು ಮಾತು: ತುರಿಕೆಗೋ ಕೆಮ್ಮಿಗೋ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಪ್ರಸಂಗ ಬಂದರೆ, ಕುಶಿಂಗ್ಸ್ ಅನುಮಾನವಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಅದರಿಂದಲೂ ಲ್ಯಾಮಿನೈಟಿಸ್ ಕೆರಳಬಹುದು.

ಕುಶಿಂಗ್ಸ್ ಇರುವ ಎಲ್ಲ ಕುದುರೆಗಳ ಗೊರಸೂ ಹೀಗಾಗುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಏರಿರುವ ಕುದುರೆಗಳಿಗೆ ಅಪಾಯ. ಹಾಗಾಗಿ ಮೇವಿನ ಮೇಲೆ ಕಣ್ಣಿಡಬೇಕು, ನಮ್ಮ ಲಾಯಗಳ ಪದ್ಧತಿ ಎಡವುವುದು ಇಲ್ಲೇ. ಓಟ್ಸ್, ಬಾರ್ಲಿ, ಜೋಳ, ಬೂಸಾ, ನೆನೆಸಿದ ಕಡಲೆ, ಮೇಲೊಂದು ಅಚ್ಚು ಬೆಲ್ಲ. ಪ್ರೀತಿಯಿಂದಲೇ ಕೊಡುತ್ತೇವೆ. ಇವುಗಳಲ್ಲಿ ಬೆಲ್ಲ, ಓಟ್ಸ್, ಬಾರ್ಲಿ, ಜೋಳ ಮೊದಲು ಹೋಗಬೇಕು. ಸಕ್ಕರೆ ಮತ್ತು ಪಿಷ್ಟ ಎರಡೂ ಸೇರಿ ಒಣ ತೂಕದ ಶೇಕಡಾ 10-12ರ ಒಳಗಿರುವ ಹುಲ್ಲು ಮುಖ್ಯ ಆಹಾರವಾಗಬೇಕು. ಹುಲ್ಲನ್ನು ಪರೀಕ್ಷೆ ಮಾಡಿಸಲಾಗದಿದ್ದರೆ, ಧಾರಾಳ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ ಹಾಕಿ. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಹಿಡಿ ಲೆಕ್ಕದಲ್ಲಿ ಕೊಟ್ಟು ಗೊರಸಿನ ನಾಡಿ ಗಮನಿಸಿ. ಹಸಿ ಮೇಯಲು ಬಿಡುವುದಾದರೆ ಬೆಳಗಿನ ಜಾವ. ಬಿಸಿಲು ಕುಡಿದ ಹುಲ್ಲಿನಲ್ಲಿ ಮಧ್ಯಾಹ್ನದ ಮೇಲೆ ಸಕ್ಕರೆ ಏರಿರುತ್ತದೆ. ಹಾಗೆಂದು ಉಪವಾಸ ಕೆಡವಬೇಡಿ, ಅದರಲ್ಲೂ ತಟ್ಟು ಮತ್ತು ಕತ್ತೆಗಳಲ್ಲಿ ಹಸಿವಿನಿಂದ ರಕ್ತದಲ್ಲಿ ಕೊಬ್ಬು ಏರಿ ಪ್ರಾಣಕ್ಕೇ ಬರುತ್ತದೆ. ದಿನಕ್ಕೆ ಮೈತೂಕದ ಶೇಕಡಾ ಒಂದೂವರೆಯಷ್ಟು ಒಣಹುಲ್ಲು ಇರಲೇಬೇಕು. ತೀರಾ ಬಡಕಲಾಗಿದ್ದರೆ ಅಡುಗೆ ಎಣ್ಣೆಯನ್ನು ಚೂರುಚೂರೇ ಹೆಚ್ಚಿಸುತ್ತಾ ಹೋಗಬಹುದು, ಎಷ್ಟರವರೆಗೆ ಎಂದು ವೈದ್ಯರನ್ನು ಕೇಳಿ.

ಸಂಕ್ರಾಂತಿಯಂದು ಊರಿನವರು ಕಬ್ಬು, ಎಳ್ಳು-ಬೆಲ್ಲ ಹಿಡಿದು ಬರುತ್ತಾರೆ. ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ನಾವು ಗೌರಿಯ ಬಾಗಿಲಿಗೆ “ನನಗೆ ಸಕ್ಕರೆ ಕಾಯಿಲೆ, ಸೌತೆಕಾಯಿ ಕೊಡಿ” ಎಂದು ಹಲಗೆ ಕಟ್ಟಿದ್ದೇವೆ. ಮಕ್ಕಳೇ ದೊಡ್ಡವರಿಗೆ ಓದಿ ಹೇಳುತ್ತಾರೆ.

ಲಕ್ಷಣ: ಒಂದು ವಾಸಿಯಾದರೆ ಇನ್ನೊಂದು

ಗೊರಸಿನಲ್ಲಿ ಪದೇ ಪದೇ ಕೀವು, ಒಂದೇ ಮೂಗಿನ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ, ಮಾಯದ ಗಾಯ, ಕಣ್ಣಿನ ಹುಣ್ಣು. ಪ್ರತಿಯೊಂದಕ್ಕೂ ಚಿಕಿತ್ಸೆ ಆಗಿರುತ್ತದೆ, ಆದರೆ ಎಲ್ಲವನ್ನೂ ಸೇರಿಸಿ ಯಾರೂ ನೋಡಿರುವುದಿಲ್ಲ. ಗೋಡೆಯ ನೋಟ್‌ಬುಕ್ ಇರುವುದು ಇದಕ್ಕೇ. ಆರು ತಿಂಗಳಲ್ಲಿ ಮೂರು ಸಲ ಬರೆದಿದ್ದರೆ ವೈದ್ಯರಿಗೆ ಆ ಪುಟ ತೋರಿಸಿ. ಮೂಗಿನ ಸಿಂಬಳದ ಜೊತೆ ಚರ್ಮದ ಮೇಲೆ ಗಂಟು, ಹುಣ್ಣು, ಜ್ವರ ಕಂಡರೆ ಕೈಗವಸಿಲ್ಲದೆ ಮುಟ್ಟಬೇಡಿ, ಕುದುರೆಯನ್ನು ಬೇರೆ ಇಡಿ, ಸರ್ಕಾರಿ ಪಶುವೈದ್ಯರಿಗೆ ಕೂಡಲೇ ತಿಳಿಸಿ. ಅದು ಗ್ಲಾಂಡರ್ಸ್ ಆಗಿರಬಹುದು, ಮನುಷ್ಯರಿಗೂ ಹರಡುತ್ತದೆ, ವರದಿ ಮಾಡುವುದು ಕಾನೂನಿನ ಪ್ರಕಾರ ಕಡ್ಡಾಯ.

ಲಕ್ಷಣ: ಮಂಕು, ಸುಮ್ಮನೆ ಬೆವರು, ಕಣ್ಣಿನ ಮೇಲೆ ಉಬ್ಬು

ಕಣ್ಣಿನ ಮೇಲಿನ ಗುಳಿ ತುಂಬಿ ಉಬ್ಬಿದ್ದರೆ ಅಲ್ಲಿ ಕೊಬ್ಬು ಸೇರಿದೆ. ನೆರಳಲ್ಲಿ ನಿಂತೇ ಬೆವರುವುದು, ಕರೆದರೆ ಕಿವಿ ನಿಮಿರಿಸದಿರುವುದು, ಇವೂ ಕುಶಿಂಗ್ಸ್‌ಗೆ ಸೇರುತ್ತವೆ. ಆದರೆ ಈ ಮೂರನ್ನೇ ನೆಚ್ಚಿ ಏನನ್ನೂ ಹೇಳಲಾಗದು. ನಿಂತಲ್ಲೇ ಬೆವರುವುದು ನೋವಿನಿಂದಲೂ ಇರಬಹುದು, ಮೊದಲು ಗೊರಸು, ಹೊಟ್ಟೆ ನೋಡಿ.

ಮುಂದಿನ ಮೆಟ್ಟಿಲು: ರಕ್ತ ಪರೀಕ್ಷೆ

ಕೂದಲು ಅಥವಾ ಗೊರಸಿನ ಗುರುತು ಒಂದಿದ್ದರೆ, ಇಲ್ಲವೇ ಉಳಿದವುಗಳಲ್ಲಿ ಎರಡು ಕೂಡಿ ಬಂದರೆ ಎಸಿಟಿಎಚ್ ನೋಡಿಸಿ. ಕುದುರೆ ನೋಡುವ ನಿಮ್ಮ ವೈದ್ಯರ ಮೂಲಕವೋ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿಯೋ ಮುಂದುವರಿಯಬಹುದು. ಯಾವ ಪ್ರಯೋಗಾಲಯ ಕುದುರೆಯ ಮಾದರಿ ತೆಗೆದುಕೊಳ್ಳುತ್ತದೆ ಎಂದು ರಕ್ತ ತೆಗೆಯುವ ಮುನ್ನವೇ ಫೋನಿನಲ್ಲಿ ಖಚಿತಪಡಿಸಿಕೊಳ್ಳಿ.

ಪರೀಕ್ಷೆ ಕೆಡುವುದು ಬಹುತೇಕ ದಾರಿಯಲ್ಲಿ. ಎಸಿಟಿಎಚ್ ಬಿಸಿಯಲ್ಲಿ ಒಡೆದುಹೋಗುವ ವಸ್ತು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಅದೂ ಪ್ಲಾಸ್ಟಿಕ್ಕಿನದು. ತೆಗೆದ ತಕ್ಷಣ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ ಅದರ ಪಕ್ಕದಲ್ಲಿಡಿ, ರಕ್ತವೇ ಐಸಿನಂತೆ ಗಟ್ಟಿಯಾಗಬಾರದು. ಕೆಲವೇ ಗಂಟೆಗಳಲ್ಲಿ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ನಮ್ಮ ಮೊದಲ ಮಾದರಿ ಸಂಜೆ ಆರಕ್ಕೆ ಹೊರಟು, ಹೆಬ್ಬಾಳದ ಮೇಲುಸೇತುವೆಯ ಬುಡದಲ್ಲಿ ಬೈಕಿನ ಡಿಕ್ಕಿಯೊಳಗೆ ಒಂದು ಗಂಟೆ ಕೂತಿತ್ತು. ಫಲಿತಾಂಶ ಸಹಜ ಎಂದು ಬಂತು. ಮತ್ತೊಮ್ಮೆ ಬೆಳಿಗ್ಗೆ ಆರಕ್ಕೆ ತೆಗೆಸಿ, ಐಸ್ ಡಬ್ಬಿಯಲ್ಲಿ ಕಳಿಸಿದಾಗ ನಿಜ ತಿಳಿಯಿತು. ಕುದುರೆ ಬೆದರಿದ್ದರೆ, ತೀವ್ರ ನೋವಿನಲ್ಲಿದ್ದರೆ, ಆಗಷ್ಟೇ ಗಾಡಿಯಿಂದ ಇಳಿದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಅದಕ್ಕಾಗಿ ಲಾಯದಲ್ಲೇ ತೆಗೆಸುವುದು ಮೇಲು.

ವರದಿಯ ಬಲಬದಿಯಲ್ಲಿ ಅಚ್ಚಾಗಿರುವ “ಸಹಜ ಮಿತಿ” ಮನುಷ್ಯರದ್ದಾಗಿದ್ದರೆ ಅದನ್ನು ಬಿಟ್ಟುಬಿಡಿ. ಕುದುರೆಯ ಮಿತಿಯೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಜುಲೈ ಮಧ್ಯದಿಂದ ನವೆಂಬರ್‌ವರೆಗೆ ಆರೋಗ್ಯವಂತ ಕುದುರೆಯಲ್ಲೂ ಎಸಿಟಿಎಚ್ ಏರುತ್ತದೆ. ಹಗಲು ಕುಗ್ಗುವುದಕ್ಕೂ ಅದಕ್ಕೂ ನಂಟು. ತಿಂಗಳುವಾರು ಮಿತಿಯ ಪಟ್ಟಿಗಳು ಸಿದ್ಧವಾದದ್ದು ಯುರೋಪ್, ಅಮೆರಿಕದ ಕುದುರೆಗಳ ಮೇಲೆ. ಲಂಡನ್ನಿನಲ್ಲಿ ಅತಿ ಉದ್ದ ಮತ್ತು ಅತಿ ಗಿಡ್ಡ ಹಗಲಿನ ನಡುವೆ ಎಂಟು ಗಂಟೆಗೂ ಮೀರಿದ ವ್ಯತ್ಯಾಸ, ಬೆಂಗಳೂರಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ಪಟ್ಟಿಯ ಅಂಚಿನಲ್ಲಿರುವ ಅಂಕಿಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಲಾಯದಲ್ಲಿರುವ ಆರೋಗ್ಯವಂತ ಹಿರಿಯ ಕುದುರೆಯೊಂದರ ರಕ್ತವನ್ನೂ ಅದೇ ಬೆಳಿಗ್ಗೆ ಕಳಿಸಿ ಹೋಲಿಸಿದರೆ ವೈದ್ಯರಿಗೆ ಅನುಕೂಲ. ಅನುಮಾನ ಉಳಿದರೆ ಟಿಆರ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆಯಿದೆ: ಒಮ್ಮೆ ರಕ್ತ, ನರಕ್ಕೆ ಅದರ ಇಂಜೆಕ್ಷನ್, ಸರಿಯಾಗಿ 10 ನಿಮಿಷಕ್ಕೆ ಮತ್ತೆ ರಕ್ತ. ಆರಂಭದ ಹಂತವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಬಂದ ವೈದ್ಯರಿಂದ ಅಂದೇ ಇನ್ಸುಲಿನ್ನಿಗೂ ರಕ್ತ ತೆಗೆಸಿ. ಅದಕ್ಕೆ ಮುಂಚಿನ ನಾಲ್ಕು ಗಂಟೆ ಹುಲ್ಲು ಮಾತ್ರ ಕೊಡಿ, ದಾಣಿ ಬೇಡ.

ಮಾತ್ರೆ ಶುರುವಾದ ಮೇಲೆ ಕಾಣುವ ತೊಡಕುಗಳು

ಔಷಧದ ಹೆಸರು ಪರ್ಗೊಲೈಡ್. ಕಳೆದುಹೋದ ಡೋಪಮೈನಿನ ಕೆಲಸವನ್ನು ಇದು ಮಾಡುತ್ತದೆ. ಸವೆದ ನರಕೋಶ ಮರಳಿ ಬರುವುದಿಲ್ಲವಾದ್ದರಿಂದ ಕುದುರೆ ಬದುಕಿರುವವರೆಗೂ ಕೊಡಬೇಕು. ದಿನಕ್ಕೊಮ್ಮೆ, ಆರಂಭದಲ್ಲಿ ಕೆ.ಜಿ.ಗೆ ಸುಮಾರು 2 ಮೈಕ್ರೋಗ್ರಾಂ, ಅಂದರೆ 500 ಕೆ.ಜಿ. ಕುದುರೆಗೆ 1 ಮಿ.ಗ್ರಾಂ. ವೈದ್ಯರ ಚೀಟಿಯಿಲ್ಲದೆ ಬೇಡವೇ ಬೇಡ. ಮಾತ್ರೆಯನ್ನು ಪುಡಿ ಮಾಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ಮುಟ್ಟದಿರುವುದು ಒಳ್ಳೆಯದು. ಸ್ಪರ್ಧೆಗೆ ಇಳಿಯುವ ಕುದುರೆಯಾದರೆ ಅಲ್ಲಿನ ನಿಯಮ ಮೊದಲು ಕೇಳಿ.

ಮೇವು ಬಿಟ್ಟು ಮಂಕಾಗಿದ್ದರೆ: ಮೊದಲ ಕೆಲವು ದಿನ ಇದು ಸಾಮಾನ್ಯ. ವೈದ್ಯರಿಗೆ ತಿಳಿಸಿದರೆ ಎರಡು ದಿನ ನಿಲ್ಲಿಸಿ, ಅರ್ಧದಿಂದ ಶುರುಮಾಡಿ ನಿಧಾನವಾಗಿ ಏರಿಸಲು ಹೇಳುತ್ತಾರೆ.

ಏನೂ ಬದಲಾಗದಿದ್ದರೆ: ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ ನೋಡಿ. ಗೌರಿ ಹತ್ತು ದಿನ ಮಾತ್ರೆಯನ್ನು ತುಟಿಯ ಸಂದಿಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದಳು. ತೊಟ್ಟಿ ಗುಡಿಸುವಾಗ ಮೂಲೆಯಲ್ಲಿ ನಾಲ್ಕು ಸಿಕ್ಕವು. ಈಗ ಸೌತೆಕಾಯಿಯ ಬಿಲ್ಲೆಯಲ್ಲಿ ಸೀಳು ಮಾಡಿ ಅದರೊಳಗೆ ತುರುಕಿ, ಮೇಲೊಂದು ಬರೀ ಬಿಲ್ಲೆ ಕೊಟ್ಟು, ನುಂಗುವವರೆಗೆ ನಿಂತು ನೋಡುತ್ತೇವೆ. ದ್ರವರೂಪದಲ್ಲಿ ಮಾಡಿಸಿಕೊಂಡ ಔಷಧವಾದರೆ ಬಿಸಿಲಿಗೆ, ಬೆಳಕಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ, ಕತ್ತಲಲ್ಲಿ ಇಡಿ, ತಿಂಗಳಿಗಿಂತ ಹಳೆಯದನ್ನು ಬಳಸಬೇಡಿ.

ಅಂಕಿ ಇಳಿಯದಿದ್ದರೆ: ಒಂದರಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ಎಸಿಟಿಎಚ್ ನೋಡಿ ವೈದ್ಯರು ಪ್ರಮಾಣ ಏರಿಸುತ್ತಾರೆ. ಆಮೇಲೆ ವರ್ಷಕ್ಕೆ ಎರಡು ಸಲ, ಪ್ರತಿ ವರ್ಷ ಅದೇ ತಿಂಗಳುಗಳಲ್ಲಿ. ಮೊದಲು ಸುಧಾರಿಸುವುದು ಚುರುಕು ಮತ್ತು ನೀರು, ಕೂದಲು ಬಹಳ ತಡ. ಅಂಕಿ ಇಳಿದೂ ಗೊರಸಿನ ನೋವು ಉಳಿದಿದ್ದರೆ ಇನ್ಸುಲಿನ್ ಹಿಡಿತಕ್ಕೆ ಬಂದಿರಲಿಕ್ಕಿಲ್ಲ, ಮೇವಿನ ಪಟ್ಟಿಗೆ ಹಿಂದಿರುಗಿ, ಗೊರಸಿನ ಎಕ್ಸ್‌-ರೇ ತೆಗೆಸಿ ಅದನ್ನು ನೋಡಿಕೊಂಡೇ ಲಾಳದವರು ಕೆತ್ತಲಿ. ಎಕ್ಸ್‌-ರೇಯಲ್ಲಿ ಎಲುಬು ಗೊರಸಿನ ತಳಕ್ಕೆ ಬಂದಿದ್ದು, ಔಷಧ ಕೊಟ್ಟೂ ಕುದುರೆ ದಿನದ ಬಹುಪಾಲು ಮಲಗಿಯೇ ಇರುವಂತಾದರೆ, ಇನ್ನೆಷ್ಟು ದಿನ ಎಂಬ ಮಾತನ್ನು ವೈದ್ಯರೊಂದಿಗೆ ಆಡಲೇಬೇಕು. ನೀವಾಗಿಯೇ ಕೇಳಿ. ಎಷ್ಟೋ ವೈದ್ಯರು ಮಾಲೀಕರ ಮುಖ ನೋಡಿ ಸುಮ್ಮನಿರುತ್ತಾರೆ.

ಗೌರಿಯ ನೀರು ಏಳನೇ ವಾರಕ್ಕೆ 26 ಲೀಟರಿಗೆ ಇಳಿಯಿತು. ಕ್ಯಾನಿನ ಗೆರೆಗಳನ್ನು ಎಣಿಸಿ ಮೊದಲು ಹೇಳಿದ್ದು ಸೈಸ್: “ಅಕ್ಕ, ಈ ವಾರ ಹುಲ್ಲು ಒಂದೇ ಸಲ ಬದಲಾಯಿಸಿದೀನಿ.”